ಮಂಚದ ಕೆಳಗಿನ ಮೀನು

ಮೂವತ್ತು ವರ್ಷದ ಹಿಂದೆ ಮೇಲಿನವರು ಆದೇಶ ಹೊರಡಿಸಿ, ಉಬ್ಬರದ ನೀರು ಜವುಗಿಗೆ ಬಾರದಂತೆ ತೂಬು ಮುಚ್ಚಿಸಿದರು. ಜವುಗು ಒಣಗಿತು. ಅಲ್ಲಿ ಮೊಟ್ಟೆಯಿಡುತ್ತಿದ್ದ ಬೆಳ್ಳಿಗೆರೆಯ ಪುಟ್ಟ ಮೀನು ಕಾಣದಾಯಿತು. ತೂಬಿನ ಬಾಗಿಲು ಇಳಿಸುವ ಚಕ್ರ ತಿರುಗಿಸಿದ ಕೈ ಅಲ್ಲಿನ ಕಾವಲುಗಾರನದು.

ಅಂದಿನಿಂದ ಅವನಿಗೆ ಒಂದೇ ಕೆಲಸ: ವಾರಕ್ಕೊಮ್ಮೆ ಚಕ್ರಕ್ಕೆ ಗ್ರೀಸ್ ಹಚ್ಚಬೇಕು, ತಿರುಗಿಸಕೂಡದು. ಹಚ್ಚುತ್ತ ಹಚ್ಚುತ್ತ ನಿವೃತ್ತಿ ಹತ್ತಿರ ಬಂತು. ಆಗ ಮೇಲಿನವರಿಗೆ ಜ್ಞಾನೋದಯವಾಯಿತು: ಜವುಗು ಮತ್ತೆ ಬದುಕಬೇಕು, ಮೀನು ಮರಳಬೇಕು. ಹನ್ನೊಂದು ಗಂಟೆಗೆ ಸಾಹೇಬರ ಕೈಯಿಂದ ತೂಬು ತೆರೆಯುವ ಸಮಾರಂಭ. ಉಬ್ಬರ ಎಂಟಕ್ಕೆ. ಕಡಲನ್ನು ಯಾರೂ ಕೇಳಿರಲಿಲ್ಲ.

ಏಳೂಮುಕ್ಕಾಲಿಗೇ ಪಕ್ಕದ ಮನೆಯ ಟೈಲರ್ ತೂಬಿರುವ ಒಡ್ಡಿನ ಮೇಲೆ ಹಾಜರಾದ.

“ಮೂವತ್ತು ವರ್ಷ ಅಲ್ಲಾಡದ ಚಕ್ರ ಕಣಯ್ಯಾ. ಸಾಹೇಬ್ರು ಹಿಡಿದಾಗ ಕಚ್ಕೊಂಡ್ರೆ? ಒಂಚೂರು ತಿರುಗಿಸಿ ನೋಡು.”

“ಬೇಡಪ್ಪಾ, ಆಮೇಲೆ ನನ್ನ ತಲೆಗೇ ಬರುತ್ತೆ.”

“ಒಂದೇ ಬೆರಳಲ್ಲಿ!”

ಕಾವಲುಗಾರ ಒಂದೇ ಬೆರಳಿಟ್ಟ. ಮೂವತ್ತು ವರ್ಷ ಗ್ರೀಸ್ ತಿಂದು ಕೊಬ್ಬಿದ್ದ ಚಕ್ರ, ಶಾಲೆ ಬಿಟ್ಟ ಮಕ್ಕಳಂತೆ ಓಟ ಕಿತ್ತಿತು. ತೂಬಿನ ಬಾಗಿಲು ಸರ್ರನೆ ಮೇಲೆದ್ದಿತು. ಕಡಲು, ಬೀಗದ ಕೈ ಕಳಕೊಂಡು ಜಗುಲಿಯಲ್ಲಿ ಕಾದು ಕೂತಿದ್ದ ಮನೆಯೊಡೆಯನಂತೆ, ಯಾರನ್ನೂ ಕೇಳದೆ ಒಳಗೆ ಬಂತು. ಸಮಾರಂಭದ ಕುರ್ಚಿಗಳು ಸಾಲು ತಪ್ಪದೆ ತೇಲಿದವು. ಒಡ್ಡಿನ ಕೆಳಗಿದ್ದ ಕಾವಲುಗಾರನ ಮನೆಯಲ್ಲೂ ಮೊಣಕಾಲುದ್ದ ನೀರು.

“ನಾನು ನೋಡು ಅಂದೆ, ತೆಗಿ ಅಂದ್ನಾ?” ಎನ್ನುತ್ತ ಟೈಲರ್ ಮಾಯವಾದ.

ಸುದ್ದಿ ಕೇಳಿ ಸಾಹೇಬರು ಪ್ಯಾಂಟು ಮಡಚಿಕೊಂಡೇ ಬಂದರು. “ಮುಚ್ಚು ಮೊದ್ಲು! ಪಂಪ್ ಹಾಕಿ ನೀರು ತೆಗೆಸ್ತೀನಿ. ಹನ್ನೊಂದಕ್ಕೆ ನಾನು ತೆಗೀಬೇಕು. ಇಲ್ದಿದ್ರೆ ನಿನ್ನನ್ನ ಇವತ್ತೇ ಮನೆಗೆ ಕಳಿಸ್ತೀನಿ!”

ಕಾವಲುಗಾರ ಚಕ್ರಕ್ಕೆ ಕೈ ಹಾಕಿದ. ಅಷ್ಟರಲ್ಲಿ ಹೆಂಡತಿಯ ಕೂಗು: “ರೀ, ಬನ್ನಿ ಇಲ್ಲಿ! ಮಂಚದ ಕೆಳಗೆ ಏನೋ ಹೊಳೀತಿದೆ!”

ಓಡಿದ. ಬೆಳ್ಳಿಯ ಗೆರೆ, ಮೊಟ್ಟೆ ತುಂಬಿ ಉಬ್ಬಿದ ಹೊಟ್ಟೆ. ಅವನು ನೀರಿನಲ್ಲೇ ಮಂಡಿಯೂರಿದ.

“ಬಂದ್ಯಾ ತಾಯಿ? ನನ್ಮೇಲೆ ಕೋಪ ಇಲ್ವಾ?” ಕಣ್ಣು ತುಂಬಿ ಬಂತು. “ದೊಡ್ಡ ಮನಸ್ಸು ಕಣಮ್ಮಾ ನಿಂದು.”

ಗೋಡೆಯ ಮೇಲೆ ಸಾಹೇಬರೇ ಸಹಿ ಮಾಡಿ ಹಂಚಿದ್ದ ಪ್ರಕಟಣೆಯಿತ್ತು. ಹೆಂಡತಿ ಓದಿದಳು: “ಈ ಮೀನು ಕಂಡಲ್ಲಿ ನೀರು ಬತ್ತಿಸಕೂಡದು. ಜನ ವಾಸಿಸಕೂಡದು.” ಮಂಚದತ್ತ ತಿರುಗಿ ಅಂದಳು: “ಅಂದ್ರೆ ಮನೆ ಬಿಡಬೇಕಾದೋರು ನಾವೇ. ಹೋಗ್ಲಿ ಬಿಡಿ, ಬಸುರಿ ಬಂದಿದ್ದಾಳೆ.” ಹಾಸಿಗೆ ಸುತ್ತತೊಡಗಿದಳು.

ಬಾಗಿಲಲ್ಲಿ ನಿಂತಿದ್ದ ಸಾಹೇಬರು ದನಿ ತಗ್ಗಿಸಿದರು. “ನಾವು ಬಿಟ್ರೆ ಮೀನನ್ನ ಯಾರೂ ನೋಡಿಲ್ಲ ಕಣೋ. ನಿನ್ನ ಮನೆ ಉಳಿಯುತ್ತೆ, ಕೆಲಸಾನೂ ಉಳಿಯುತ್ತೆ. ಮುಚ್ಚಿಬಿಡು.”

ಕಾವಲುಗಾರ ತನ್ನ ಗ್ರೀಸು ಮೆತ್ತಿದ ಕೈಗಳನ್ನು ನೋಡಿಕೊಂಡ.

“ಆವತ್ತೂ ಮೇಲಿನವರು ಮುಚ್ಚು ಅಂದ್ರು ಸಾರ್, ಮುಚ್ಚಿದೆ. ಇವತ್ತು ಮುಚ್ಚೋದಿಲ್ಲ.”