ನರಿಕೊಂಬು ಭಾರತಕ್ಕೆ ಸೇರಿದ ಬಗೆ

ಬೆಳ್ತಂಗಡಿ ತಾಲೂಕು ಕಳೆದ ಜುಲೈ ತಿಂಗಳಿನಿಂದ ನೇಪಾಳವಾಗಿರುತ್ತದೆ. ಬಂಟ್ವಾಳ ಶ್ರೀಲಂಕಾ. ಮೂಡುಬಿದಿರೆ ಎಂದಿನಂತೆ ಭಾರತವಾಗಿಯೇ ಮುಂದುವರಿದಿದ್ದು, ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ.

ಈ ವ್ಯವಸ್ಥೆ ಜಾರಿಗೆ ಬಂದದ್ದು ಮೂಡುಬಿದಿರೆಯ ಒಂದು ಕಾಲೇಜಿನ ಪ್ರಾಂಶುಪಾಲರ ಕೊಠಡಿಯಲ್ಲಿ, ಚಹಾ ಮತ್ತು ಗೋಳಿಬಜೆಯ ಹೊತ್ತಿಗೆ. ಕಾಲೇಜಿಗೆ ಮೇಲಿನಿಂದ ಒಂದು ಅನುದಾನ ಬಂದಿತ್ತು. ವಿಷಯ: ಮೂರು ನೆರೆರಾಷ್ಟ್ರಗಳಲ್ಲಿ ಕೈಗಾರಿಕಾ ಉತ್ಪಾದನೆಯ ಏರಿಳಿತ, ಒಂದು ತೌಲನಿಕ ಅಧ್ಯಯನ. ಷರತ್ತು: ಅಂಕಿಅಂಶಗಳನ್ನು ಇಂಟರ್ನೆಟ್ಟಿನಿಂದ ಎತ್ತತಕ್ಕದ್ದಲ್ಲ. ಸಂಶೋಧಕರು ಆಯಾ ದೇಶಕ್ಕೆ ಖುದ್ದಾಗಿ ಹೋಗಿ, ಕಾರ್ಖಾನೆಯ ಬಾಗಿಲಲ್ಲಿ ನಿಂತು, ಎರಡು ಸಲ ಲೆಕ್ಕ ತರತಕ್ಕದ್ದು. ಅನುದಾನದಲ್ಲಿ ಪ್ರಾಂಶುಪಾಲರಿಗೊಂದು ಕಂಪ್ಯೂಟರ್, ಉದ್ಘಾಟನಾ ಸಮಾರಂಭ, ಶಾಲು, ಹಣ್ಣಿನ ಬುಟ್ಟಿ ಇವೆಲ್ಲ ಮುಗಿದ ಮೇಲೆ ಸಂಶೋಧನೆಗೆಂದು ಬಸ್ಸಿನ ಚಾರ್ಜು ಉಳಿದಿತ್ತು. ಅದೂ ಖಾಸಗಿ ಬಸ್ಸಿನದ್ದು.

ಪ್ರಾಂಶುಪಾಲ ಸುಬ್ಬಯ್ಯನವರು ಅರ್ಥಶಾಸ್ತ್ರದ ಶಶಿಪ್ರಭಾಳನ್ನು ಕರೆಸಿದರು.

"ಕಾಠ್ಮಂಡುವಿಗೆ ಬಸ್ಸು ಉಂಟೋ ಮೇಡಂ?"

"ಇಲ್ಲಿಂದ ಇಲ್ಲ ಸರ್."

"ಚಾರ್ಮಾಡಿಗೆ?"

"ಬೆಳ್ತಂಗಡಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು."

"ಅಲ್ಲಿಂದ ಮುಂದೆ ಘಾಟಿ ಹತ್ತಲಿಕ್ಕೆ ಶುರು. ನೇಪಾಳವೂ ಹಾಗೆಯೇ ಅಲ್ವಾ? ತಪ್ಪಲು, ಮೇಲೆ ಗುಡ್ಡ." ಸುಬ್ಬಯ್ಯನವರು ಗೋಳಿಬಜೆಯನ್ನು ಚಟ್ನಿಗೆ ಅದ್ದಿದರು. "ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿದರೆ ಬಂಟ್ವಾಳ ಪೇಟೆಯ ಸುತ್ತ ನೀರು. ಸುತ್ತ ನೀರಿದ್ದರೆ ಅದನ್ನು ಏನಂತಾರೆ?"

"ದ್ವೀಪ."

"ಮತ್ತೆಂತ ಮಾರಾಯ್ರೆ? ಒಂದು ಸುತ್ತೋಲೆ ಬರೆಯಿರಿ."

ಶಶಿಪ್ರಭಾ ಬರೆದಳು. ಅವಳಿಗೊಂದು ದೌರ್ಬಲ್ಯವಿತ್ತು. ಎಂಥ ಹುಚ್ಚು ಮಾತನ್ನಾದರೂ 'ತಕ್ಕದ್ದು', 'ಸದರಿ', 'ಮೇರೆಗೆ' ಸೇರಿಸಿ ಬರೆದರೆ ಅದು ಕಾನೂನಿನಂತೆ ಕಾಣುತ್ತಿತ್ತು. ಎಂ.ಎ.ಯಲ್ಲಿ ರ್‍ಯಾಂಕ್ ತಂದವಳು ಇಷ್ಟು ವರ್ಷದಲ್ಲಿ ಸಂಪಾದಿಸಿದ ಒಂದೇ ಸ್ಥಿರಾಸ್ತಿ ಈ ಶೈಲಿ. 'ಅನುದಾನವು ಸಾಲದ ಸಂದರ್ಭದಲ್ಲಿ, ನೈಸರ್ಗಿಕ ಹೋಲಿಕೆಯ ಮೇರೆಗೆ, ಸಮೀಪದ ತಾಲೂಕನ್ನು ಸದರಿ ದೇಶವೆಂದು ಸರ್ವ ಉದ್ದೇಶಗಳಿಗೂ ಪರಿಗಣಿಸತಕ್ಕದ್ದು' ಎಂದು ಬರೆದು, ಓದಿ ನೋಡಿ, 'ಸರ್ವ ಉದ್ದೇಶಗಳಿಗೂ' ಎಂಬಲ್ಲಿ ಅವಳಿಗೆ ತನ್ನ ಬಗ್ಗೆಯೇ ಪ್ರೀತಿ ಉಕ್ಕಿತು.

ಒಪ್ಪದೆ ಬೇರೆ ದಾರಿಯೂ ಇರಲಿಲ್ಲ. ಅವಳು ಆ ಕಾಲೇಜಿನ ಅತಿಥಿ ಉಪನ್ಯಾಸಕಿ. ಬಂದ ಅತಿಥಿ ಎರಡು ದಿನಕ್ಕೆ ಎದ್ದು ಹೋಗುವುದು ಲೋಕರೂಢಿ. ಇವಳು ಬಂದು ಹತ್ತೊಂಬತ್ತು ವರ್ಷ ದಾಟಿತ್ತು. ಆಡಳಿತ ಮಂಡಳಿಯ ನಿಯಮದಂತೆ, ಇಪ್ಪತ್ತು ವರ್ಷ ಎಡೆಬಿಡದೆ ಅತಿಥಿಯಾಗಿದ್ದವರನ್ನು ಮನೆಯವರೆಂದು ಪರಿಗಣಿಸಿ ಖಾಯಂ ಮಾಡಬಹುದು. ಬರುವ ಮಾರ್ಚಿಗೆ ಇಪ್ಪತ್ತು. "ವರದಿ ಮುಗಿಸಿ ಕೊಡಿ, ನಿಮ್ಮ ಫೈಲು ನಾನೇ ಕೈಯಲ್ಲಿ ಹಿಡಿದುಕೊಂಡು ಹೋಗ್ತೇನೆ" ಎಂದಿದ್ದರು ಸುಬ್ಬಯ್ಯನವರು. ಅಂದಿನಿಂದ ಶಶಿಪ್ರಭಾ ಹಳೆಯ ಉತ್ತರ ಪತ್ರಿಕೆಗಳ ಹಿಂಬದಿಯಲ್ಲಿ ತನ್ನ ಹುದ್ದೆಯನ್ನು 'ಅತಿಥಿ' ಇಲ್ಲದೆ ಬರೆದು ಅಭ್ಯಾಸ ಮಾಡುತ್ತಿದ್ದಳು. ಮೊದಮೊದಲು ಎಡಗಡೆ ಖಾಲಿ ಖಾಲಿ ಕಾಣುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಅನುದಾನ ಜುಲೈಯ ಜಡಿಮಳೆಯ ಆಟಿ ತಿಂಗಳಲ್ಲಿ ಬಂದದ್ದರಿಂದ ಮೊದಲ ಲೆಕ್ಕವೂ ಆಟಿಯಲ್ಲೇ ಆಗಬೇಕಾಯಿತು. ಶಶಿಪ್ರಭಾ ಕೊಡೆ ಹಿಡಿದು ಶ್ರೀಲಂಕಾಕ್ಕೆ ಹೋದಳು. ನರಿಕೊಂಬುವಿನಲ್ಲಿ ಹೊಳೆಬದಿಯ ಹಂಚಿನ ಕಾರ್ಖಾನೆಯ ಯಜಮಾನ ಇಬ್ರಾಹಿಂ ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದರು.

"ಈ ತಿಂಗಳು ಎಷ್ಟು ಹಂಚು ಮಾಡಿದ್ದೀರಿ?"

"ಆಟಿಯಲ್ಲಿ ಹಂಚಾ?" ಇಬ್ರಾಹಿಂ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಮಣ್ಣು ಒಣಗುವುದಿಲ್ಲ, ಹಂಚು ಸುಡುವ ಗೂಡಿಗೆ ಬೆಂಕಿ ಇಲ್ಲ, ಆಳುಗಳೆಲ್ಲ ಊರಿಗೆ ಹೋಗಿದ್ದಾರೆ. ನೀವು ಯಾವ ಊರಿನವರು ಟೀಚರ್?"

"ಮೂಡುಬಿದಿರೆ."

"ಅಲ್ಲಿ ಬಿಸಿಲು ಉಂಟೋ?"

ಶಶಿಪ್ರಭಾ ಸೊನ್ನೆ ಬರೆದುಕೊಂಡು ಬಂದಳು. ಸೊನ್ನೆ ನೋಡಿ ಸುಬ್ಬಯ್ಯನವರ ಮುಖ ಸಣ್ಣದಾಯಿತು.

"ಶುಭಕಾರ್ಯದ ಶುರುವಿಗೆ ಸೊನ್ನೆಯಾ? ಮದುವೆಗೆ ನೂರು ಕೊಡ್ತೇವಾ ನಾವು? ನೂರೊಂದು ಕೊಡುವುದು. ಒಂದು ಸೇರಿಸಿ."

"ಹಾಗೆ ಸೇರಿಸಲಿಕ್ಕೆ ಬರುವುದಿಲ್ಲ ಸರ್."

"ಶ್ರೀಲಂಕಾಕ್ಕೆ ಮಾತ್ರ ಅಲ್ಲ, ಎಲ್ಲ ದೇಶಕ್ಕೂ ಸೇರಿಸಿ. ಪಕ್ಷಪಾತ ಆಗಬಾರದು."

ತರಗತಿಯಲ್ಲಿ ಆಧಾರ ವರ್ಷದ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡುವ ಶಶಿಪ್ರಭಾ ಸೊನ್ನೆ ಹೊಡೆದು ಒಂದು ಎಂದು ಬರೆದು ನೋಡಿದಳು. ಸೊನ್ನೆಯಿಂದ ಭಾಗಿಸಲಾಗದು, ಒಂದರಿಂದ ಭಾಗಿಸಬಹುದು ಎಂಬುದು ಅವಳಿಗೆ ಹೊಳೆಯಿತು. ಮೂಢನಂಬಿಕೆಯೊಂದು ಗಣಿತದ ಸಂಕಟಕ್ಕೆ ಇಷ್ಟು ಚೆನ್ನಾಗಿ ಒದಗಿಬಂದದ್ದನ್ನು ಕಂಡು, 'ಮಂಗಳಾಂಕ' ಎಂಬ ಹೆಸರನ್ನೂ ಅವಳೇ ಕೊಟ್ಟಳು. ಸುಬ್ಬಯ್ಯನವರು ಅದನ್ನು ಆಮೇಲೆ ಎರಡು ವಿಚಾರಗೋಷ್ಠಿಗಳಲ್ಲಿ ತಮ್ಮದೆಂದು ಬಳಸಿದರು.

ನೇಪಾಳದ ಕೈಗಾರಿಕೆ ಎಂದರೆ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯಲ್ಲಿ ಕಾಂತಿ ಎಂಬಾಕೆ ನಡೆಸುತ್ತಿದ್ದ ಹಾಳೆತಟ್ಟೆಯ ಘಟಕ. ಬೇಸಿಗೆಯಲ್ಲಿ ಒಣಗಿಸಿ ಅಟ್ಟಕ್ಕೇರಿಸಿದ ಅಡಿಕೆ ಹಾಳೆಯಿಂದ ಆಕೆ ಆಟಿಯಲ್ಲೂ ಆರು ಸಾವಿರ ತಟ್ಟೆ ಒತ್ತಿದ್ದಳು. ಭಾರತದ ಕೈಗಾರಿಕೆಯಾಗಿ ಸುಬ್ಬಯ್ಯನವರ ಭಾವನ ಗೋಲಿಸೋಡಾ ಘಟಕವನ್ನು ಅವಿರೋಧವಾಗಿ ಆಯ್ಕೆ ಮಾಡಲಾಯಿತು.

ಜನವರಿಯಲ್ಲಿ ಎರಡನೇ ಲೆಕ್ಕ. ಚಾರ್ಮಾಡಿಯಲ್ಲಿ ಬಸ್ಸಿಳಿದರೆ ಕಾಂತಿ ಸೊಂಟಕ್ಕೆ ಕೈಕೊಟ್ಟು ಕರೆಂಟಿನವರಿಗೆ ಬೈಯುತ್ತಿದ್ದಳು.

"ಮೋಟಾರು ಸುಟ್ಟು ಹದಿನೈದು ದಿವಸ ಆಯ್ತು ಅಕ್ಕ. ಈ ತಿಂಗಳು ಮೂರು ಸಾವಿರ ತಟ್ಟೆ ಆದರೆ ಹೆಚ್ಚು. ನೀವು ಆಗಾಗ ಬಂದು ಬರೆದುಕೊಂಡು ಹೋಗ್ತೀರಲ್ಲ, ಎಂತದಾದರೂ ಸಿಗ್ತದಾ ನಮಗೆ?"

"ನೀವೀಗ ನೇಪಾಳ ಕಾಂತಿ. ಸಿಗುವುದು ಕಷ್ಟ."

"ನೇಪಾಳವಾ?" ಕಾಂತಿ ಸುಟ್ಟ ಮೋಟಾರಿನ ಕಡೆ ನೋಡಿದಳು. "ಅಲ್ಲಿ ವೋಲ್ಟೇಜು ಸರಿ ಉಂಟೋ ಹೇಗೆ?"

ಶಶಿಪ್ರಭಾ ವರದಿಯ ಕಾರಣಗಳ ಅಂಕಣದಲ್ಲಿ 'ಪರ್ವತ ತಪ್ಪಲಿನ ಇಂಧನ ಬಿಕ್ಕಟ್ಟಿನಿಂದಾಗಿ ನೇಪಾಳದ ಉತ್ಪಾದನೆ ಅರ್ಧಕ್ಕೆ ಕುಸಿದಿರುತ್ತದೆ' ಎಂದು ಬರೆದಳು. ಬರೆಯುವಾಗ ನಗು ಬಂತು. ಬರೆದು ಮುಗಿಸಿದಾಗ ನಿಜವೆನ್ನಿಸಿ ನೇಪಾಳದ ಬಗ್ಗೆ ಕನಿಕರವೂ ಆಯಿತು.

ಭಾರತದ ಸೋಡಾ ಎರಡು ಸಾವಿರ ಬಾಟಲಿಯಿಂದ ಮೂರು ಸಾವಿರಕ್ಕೆ ಏರಿತ್ತು. ಶೇಕಡಾ ಐವತ್ತರ ಬೆಳವಣಿಗೆ. ಮಂಗಳಾಂಕದ ದೆಸೆಯಿಂದ ಒಂದು ಕೂದಲೆಳೆ ಕಡಿಮೆ. ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು, ನರಿಕೊಂಬುವಿನ ಗೂಡಿಗೆ ಬೆಂಕಿ ಬೀಳದೇ ಇದ್ದಿದ್ದರೆ. ಇಬ್ರಾಹಿಂ ಜನವರಿಯಲ್ಲಿ ನಲವತ್ತು ಸಾವಿರ ಹಂಚು ಸುಟ್ಟಿದ್ದರು. ಒಂದರಿಂದ ನಲವತ್ತು ಸಾವಿರದ ಒಂದಕ್ಕೆ. ಅಂದರೆ ಶ್ರೀಲಂಕಾದ ಕೈಗಾರಿಕಾ ಉತ್ಪಾದನೆ ಆರು ತಿಂಗಳಲ್ಲಿ ಶೇಕಡಾ ನಲವತ್ತು ಲಕ್ಷ ಬೆಳೆದಿತ್ತು.

ಸುಬ್ಬಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಶ್ರೀಲಂಕಾ ನಲವತ್ತು ಲಕ್ಷ, ನಾವು ಐವತ್ತು. ಇದನ್ನು ಹೊರಗೆ ಹೇಳಲಿಕ್ಕೆ ಉಂಟಾ ಮೇಡಂ? ನಾಳೆ ಮಕ್ಕಳು ಕೇಳಿದರೆ ಯಾವ ಮುಖ ಇಟ್ಟುಕೊಂಡು ದೇಶಭಕ್ತಿಗೀತೆ ಹಾಡಿಸುವುದು?"

"ಒಂದು ಸೇರಿಸಿದ್ದರಿಂದ ಹೀಗಾಯಿತು ಸರ್. ಅದನ್ನು ತೆಗೆದರೆ..."

"ಮುಯ್ಯಿ ಕೊಟ್ಟ ಮೇಲೆ ವಾಪಸು ಕೇಳ್ತಾರಾ?" ಅವರು ಗೋಡೆಯ ಭೂಪಟದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಹೇಳಿದರು: "ನರಿಕೊಂಬು ನಮಗೇ ಇರಲಿ."

ಮರುದಿನದ ಸುತ್ತೋಲೆ ಹೀಗಿತ್ತು: 'ಆಡಳಿತಾತ್ಮಕ ಅನುಕೂಲತೆಯ ದೃಷ್ಟಿಯಿಂದ ನರಿಕೊಂಬು ಗ್ರಾಮವನ್ನು ಶ್ರೀಲಂಕಾದಿಂದ ಬೇರ್ಪಡಿಸಿ, ಪೂರ್ವಾನ್ವಯವಾಗುವಂತೆ ಭಾರತಕ್ಕೆ ಸೇರಿಸಿಕೊಳ್ಳಲಾಗಿದೆ. ಆಕ್ಷೇಪಣೆ ಇರುವ ರಾಷ್ಟ್ರಗಳು ಏಳು ದಿನಗಳೊಳಗೆ ಕಚೇರಿ ಸಮಯದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು.' ಯಾವ ರಾಷ್ಟ್ರವೂ ಸಲ್ಲಿಸಲಿಲ್ಲ.

ಶಶಿಪ್ರಭಾ ಸೌಜನ್ಯಕ್ಕೆಂದು ಇಬ್ರಾಹಿಮರಿಗೆ ಫೋನು ಮಾಡಿ ವಿಷಯ ತಿಳಿಸಿದಳು.

"ಆಯ್ತು ಟೀಚರ್," ಎಂದರು ಅವರು. "ಆದರೆ ನನ್ನ ಮನೆ ಹೊಳೆಯ ಆಚೆ ಬದಿಯಲ್ಲಿ. ಊಟಕ್ಕೆ ಹೋಗಿ ಬರಲಿಕ್ಕೆ ವೀಸಾ ಬೇಕಾ?"

ಹಂಚು ಮತ್ತು ಸೋಡಾ ಕೂಡಿಸಿದಾಗ ಭಾರತದ ಬೆಳವಣಿಗೆ ಶೇಕಡಾ ಎರಡು ಸಾವಿರದ ಚಿಲ್ಲರೆಗೆ ಬಂತು. "ಉಳಿದ ಲಕ್ಷಗಳು ಎಲ್ಲಿ ಹೋದವು?" ಎಂದು ಸುಬ್ಬಯ್ಯನವರು ಸಂಶಯದಿಂದ ಕೇಳಿದರು. "ಸೋಡಾದಲ್ಲಿ ಕರಗಿದವು ಸರ್" ಎಂದಳು ಶಶಿಪ್ರಭಾ. ಅವರು ತಲೆಯಾಡಿಸಿದರು. ಇದ್ದ ಒಂದೇ ಕಾರ್ಖಾನೆ ಕಳೆದುಕೊಂಡ ಶ್ರೀಲಂಕಾದಲ್ಲಿ ಮಂಗಳಾಂಕ ಮಾತ್ರ ಉಳಿದಿತ್ತು. ಆಗಲೂ ಒಂದು, ಈಗಲೂ ಒಂದು. 'ಶ್ರೀಲಂಕಾ ಗಮನಾರ್ಹ ಸ್ಥಿರತೆಯನ್ನು ಕಾಯ್ದುಕೊಂಡಿದೆ' ಎಂದು ವರದಿ ಶ್ಲಾಘಿಸಿತು.

ಫೆಬ್ರವರಿಯ ಕೊನೆಗೆ ಬೆಂಗಳೂರಿನಿಂದ ಪರಿಶೀಲನಾಧಿಕಾರಿ ಬಂದರು. ಹೆಸರು ವಿಸ್ಮಿತಾ. ಹೆಸರು ಹಾಗಿದ್ದರೂ ಯಾವುದಕ್ಕೂ ವಿಸ್ಮಯಪಡಲಿಲ್ಲ ಎಂಬುದೇ ವಿಶೇಷ. ವರದಿಯ ಚಿತ್ರಗಳನ್ನು ಒಂದೊಂದಾಗಿ ತಿರುಗಿಸಿದರು. ಒಂದರಲ್ಲಿ ಶಶಿಪ್ರಭಾಳ ಹಿಂದೆ 'ಚಾರ್ಮಾಡಿ' ಎಂಬ ಬೋರ್ಡು ಸ್ಪಷ್ಟವಾಗಿ ಕಾಣುತ್ತಿತ್ತು.

"ಇದು ನೇಪಾಳನಾ ಮೇಡಂ?"

"ಸುತ್ತೋಲೆಯ ಪ್ರಕಾರ..."

"ಸುತ್ತೋಲೆ ಓದ್ಕೊಂಡಿದೀನಿ. ಚೆನ್ನಾಗಿ ಬರ್ದಿದೀರ. ನನ್ ಫಾರಂನಲ್ಲಿ ಎರಡೇ ಕಾಲಂ ಇರೋದು. ಸಂಶೋಧಕರು ದೇಶದಿಂದ ಹೊರಗೆ ಹೋಗಿದ್ರಾ, ಇಲ್ವಾ?" ವಿಸ್ಮಿತಾ ಪೆನ್ನು ಹಿಡಿದು ಕಾದರು. "ಇಲ್ಲ ಅಂದ್ರೆ ಅನುದಾನ ವಾಪಸ್. ಅಷ್ಟೆ."

ಸುಬ್ಬಯ್ಯನವರು ತಮ್ಮ ಹೊಸ ಕಂಪ್ಯೂಟರನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಶಶಿಪ್ರಭಾಳನ್ನೇ ನೋಡಿದರು. ಮಾರ್ಚಿಗೆ ಒಂದು ವಾರ ಬಾಕಿ ಇತ್ತು. ಇಲ್ಲ ಎಂದರೆ ಅನುದಾನದ ಜೊತೆ ತನ್ನ ಫೈಲೂ ಹೋಗುತ್ತದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೋಗಿದ್ದೇನೆ" ಎಂದಳು.

ವಿಸ್ಮಿತಾ ಗುರುತು ಹಾಕಿದರು. ವರದಿ ಅಂಗೀಕಾರವಾಯಿತು. ಸುಬ್ಬಯ್ಯನವರಿಗೆ ಶಾಲು ಹೊದೆಸಲಾಯಿತು.

ಮಾರ್ಚಿನ ಮೊದಲ ವಾರ ಅವರು ಶಶಿಪ್ರಭಾಳನ್ನು ಕರೆಸಿ, ಕೂರಲು ಹೇಳಿದರು. ಹಾಗೆ ಅವರು ಕೂರಲು ಹೇಳಿದ್ದು ಅದೇ ಮೊದಲು.

"ಫೈಲು ನಾನೇ ಹಿಡಿದುಕೊಂಡು ಹೋಗಿದ್ದೆ ಮೇಡಂ. ಆದರೆ ಮಂಡಳಿಯವರು ಹದಿನಾಲ್ಕನೇ ನಿಯಮ ತೋರಿಸಿದರು." ಅವರು ಓದಿದರು: "'ಪೂರ್ವಾನುಮತಿ ಇಲ್ಲದೆ ದೇಶವನ್ನು ತೊರೆದ ಸಿಬ್ಬಂದಿಯ ಸೇವೆಯು, ಅವಧಿ ಎಷ್ಟೇ ಅಲ್ಪವಾಗಿರಲಿ, ಸದರಿ ದಿನಾಂಕದಿಂದ ಕಡಿತಗೊಂಡಂತೆ ಭಾವಿಸತಕ್ಕದ್ದು.'"

"ಸರ್, ನಾನು ಸಂಜೆ ಬಸ್ಸಿಗೆ ವಾಪಸು ಬಂದಿದ್ದೆ."

"ಅವಧಿ ಎಷ್ಟೇ ಅಲ್ಪವಾಗಿರಲಿ ಅಂತ ಉಂಟಲ್ಲ."

"ಕಳಿಸಿದ್ದು ನೀವೇ!"

"ಬಾಯಿಮಾತಲ್ಲಿ. ಲಿಖಿತ ಅನುಮತಿ ನೀವು ಕೇಳಲಿಲ್ಲ."

"ಅದು ಬೆಳ್ತಂಗಡಿ ಸರ್. ನನ್ನ ಚಿಕ್ಕಮ್ಮನ ಮನೆ ಉಂಟು ಅಲ್ಲಿ."

ಸುಬ್ಬಯ್ಯನವರಿಗೆ ನಿಜವಾಗಿಯೂ ನೋವಾಯಿತು. "ಹಾಗೆ ಹೇಳಬಾರದು ಮೇಡಂ. ನೀವು ಬರೆದ ವರದಿಯನ್ನು ನೀವೇ ನಂಬದಿದ್ದರೆ ಬೇರೆಯವರು ಹೇಗೆ ನಂಬುವುದು?"

ಶಶಿಪ್ರಭಾ ನಿಯಮಾವಳಿಯನ್ನು ಕೈಗೆ ತೆಗೆದುಕೊಂಡು ಬಿರುಕಿಗಾಗಿ ಹುಡುಕಿದಳು. ವಾಕ್ಯ ಎಲ್ಲೂ ಬಿಟ್ಟುಕೊಡಲಿಲ್ಲ. ಬಿಟ್ಟುಕೊಡುವುದಾದರೂ ಹೇಗೆ? ನಿಯಮಾವಳಿಯ ಕನ್ನಡ ತಿದ್ದಿದ್ದು ಅವಳೇ. 'ಅವಧಿ ಎಷ್ಟೇ ಅಲ್ಪವಾಗಿರಲಿ' ಎಂಬುದು ಅವಳ ಸ್ವಂತ ಸೇರ್ಪಡೆ; ಅದಿಲ್ಲದೆ ವಾಕ್ಯ ಸೊಟ್ಟಗೆ ನಿಂತಂತೆ ಕಾಣುತ್ತಿತ್ತು.

ಜೂನ್‌ನಿಂದ ಅವಳನ್ನು ಹೊಸದಾಗಿ ಅತಿಥಿಯೆಂದು ನೇಮಿಸಲಾಯಿತು. ಆದೇಶದಲ್ಲಿ ವ್ಯಾಕರಣದ ದೋಷವಿತ್ತು. ಅವಳು ತಿದ್ದಿ ಕೊಟ್ಟಳು.

ಕಾಲೇಜು ತೆರೆದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ವಾಣಿಜ್ಯ ವಿಭಾಗದ ಮಾಜಿದಾ ಮಾತ್ರ ಕೊಲ್ಲಿಯಲ್ಲಿರುವ ತನ್ನ ಅಣ್ಣನ ಲೆಕ್ಕ ಹಿಡಿದು ಕೇಳಿದಳು: "ಎರಡೆರಡು ಸಲ ಫಾರಿನ್‌ಗೆ ಹೋಗಿ ಬಂದಿರಿ ಮೇಡಂ, ನಮಗೆ ಒಂದು ಚಾಕಲೇಟೂ ಇಲ್ಲ! ನಮ್ಮಣ್ಣ ಬಂದರೆ ಪಕ್ಕದ ಮನೆಯ ಬೆಕ್ಕಿಗೂ ಏನಾದರೂ ತರ್ತಾನೆ." ಉಳಿದವರೂ ಹೌದು ಹೌದು ಎಂದರು. ಊರಿನ ಕ್ರಮವೇ ಅದು. ಪರದೇಶದಿಂದ ಬಂದವರು ಬರಿಗೈಯಲ್ಲಿ ಬರುವಂತಿಲ್ಲ.

ಮುಂದಿನ ಶನಿವಾರ ಶಶಿಪ್ರಭಾ ಬಂಟ್ವಾಳ ಪೇಟೆಗೆ ಹೋದಳು. ಈ ಸಲ ಲಿಖಿತ ಅನುಮತಿ ಪಡೆದಿದ್ದಳು. ಬೇಕರಿಯೊಂದರಲ್ಲಿ ಗೇರುಬೀಜದ ಚಿಕ್ಕಿ ಕಟ್ಟಿಸಿಕೊಂಡು ಬಂದು, ಸೋಮವಾರ ಎಲ್ಲರಿಗೂ ಹಂಚಿದಳು. ಸುಬ್ಬಯ್ಯನವರು ಒಂದು ತಿಂದು, ಇನ್ನೊಂದನ್ನು ಜೇಬಿಗೆ ಹಾಕಿಕೊಂಡರು.

"ಎಲ್ಲಿಯದು ಮೇಡಂ?"

"ಶ್ರೀಲಂಕಾದ್ದು ಸರ್."

ಸುಬ್ಬಯ್ಯನವರು ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು.

"ಅದೇ ನೋಡಿ," ಎಂದರು. "ನಮ್ಮ ದೇಶದಲ್ಲಿ ಇಂಥದ್ದು ಸಿಗುವುದಿಲ್ಲ."