ಸಮುದ್ರ ನೋಡಿದವನ ಸೈಕಲ್ ಯಾತ್ರೆ

ಲಾಭಕ್ಕಾಗಿ ಹೇಳಿದ ಸುಳ್ಳುಗಳು ಲಾಭ ಕೈಗೆ ಬಂದ ಮೇಲೆ ತಾವಾಗಿಯೇ ಸತ್ತುಹೋಗುತ್ತವೆ. ಯಾವ ಲಾಭವೂ ಇಲ್ಲದೆ ಮಾತಿನ ಭರದಲ್ಲಿ ಬಾಯಿಂದ ಜಾರಿದ ಸುಳ್ಳಿಗೆ ಮಾತ್ರ ಆಯುಸ್ಸು ಜಾಸ್ತಿ. ನನ್ನ ಅಂಥ ಒಂದು ಸುಳ್ಳು ಹನ್ನೊಂದು ವರ್ಷ ಆರೋಗ್ಯವಾಗಿ ಬದುಕಿತ್ತು. ಪೀಣ್ಯದ ಕಾರ್ಖಾನೆಗೆ ನಾನು ಸೇರಿದ ಹೊಸತರಲ್ಲಿ ಮದ್ರಾಸಿನಿಂದ ಬಂದಿದ್ದ ಒಬ್ಬ ಟರ್ನರ್ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗಲೆಲ್ಲ ಸಮುದ್ರದ ವಿಷಯ ತೆಗೆಯುತ್ತಿದ್ದ. ಬೆಂಗಳೂರಿನಲ್ಲಿ ಎಲ್ಲ ಇದೆ, ಸಮುದ್ರ ಒಂದಿಲ್ಲ ಅನ್ನುವುದು ಅವನ ದೂರು. ಅದಕ್ಕೆ ನಾವೇ ಕಾರಣ ಅನ್ನುವ ಹಾಗೆ ನಮ್ಮನ್ನು ನೋಡುತ್ತಿದ್ದ. ಒಂದು ದಿನ ತಾಳಲಾರದೆ, "ಸಮುದ್ರ ತಾನೇ? ನೋಡಿದೀನಿ ಬಿಡಯ್ಯ" ಅಂದುಬಿಟ್ಟೆ. ಟರ್ನರ್ ವರ್ಷದೊಳಗೆ ಬೇರೆ ಕೆಲಸ ಹುಡುಕಿಕೊಂಡು ಹೊರಟುಹೋದ. ಸುಳ್ಳು ನನ್ನ ಹತ್ತಿರವೇ ಉಳಿಯಿತು. ಮದುವೆಯಾದಾಗ ಹೆಂಡತಿಗೂ ಅದನ್ನೇ ಹೇಳಿದೆ. ಅಷ್ಟು ಹೊತ್ತಿಗೆ ನನಗೇ ಅರ್ಧ ನಂಬಿಕೆ ಬಂದಿತ್ತು.

ಪೂರಾ ಸುಳ್ಳು ಅಂತಲೂ ನನಗೆ ಅನ್ನಿಸಿರಲಿಲ್ಲ. ನಾನು ಇನ್‌ಸ್ಪೆಕ್ಷನ್ ವಿಭಾಗದವನು. ಒಂದು ಪೆಟ್ಟಿಗೆಯಲ್ಲಿ ಇನ್ನೂರು ಬೋಲ್ಟು ಬಂದರೆ ಎಂಟು ಹತ್ತನ್ನು ತೆಗೆದು ಅಳೆಯುತ್ತೇವೆ. ಅವು ಸರಿಯಿದ್ದರೆ ಇಡೀ ಪೆಟ್ಟಿಗೆಯನ್ನು ನೋಡಿದ್ದೇವೆ ಎಂದು ಸಹಿ ಹಾಕುತ್ತೇವೆ. ಇದು ಮೋಸವಲ್ಲ, ಕೆಲಸದ ಕ್ರಮ. ನಾನು ಹಲಸೂರು ಕೆರೆ ನೋಡಿದ್ದೆ, ಹೆಸರಘಟ್ಟದ ಕೆರೆ ಎರಡು ಸಲ ನೋಡಿದ್ದೆ, ಭಾವಮೈದುನನ ಮದುವೆಗೆ ಹೋದಾಗ ಶ್ರೀರಂಗಪಟ್ಟಣದಲ್ಲಿ ಕಾವೇರಿಗೂ ಇಳಿದಿದ್ದೆ. ನೀರಿನ ಬಾಬತ್ತಿಗೆ ಇಷ್ಟು ಸ್ಯಾಂಪಲ್ ಧಾರಾಳವಾಯಿತು. ಉಳಿದ ನೀರನ್ನು ನೋಡದೆ ಸಹಿ ಹಾಕಿದ್ದರಲ್ಲಿ ತಪ್ಪೇನು?

ಹೀಗೆ ಯಾರಿಗೂ ತೊಂದರೆ ಕೊಡದೆ ಇದ್ದ ಸುಳ್ಳನ್ನು ಕೆಣಕಿದವನು ಮುನಿರಾಜು. ಅವನು ನಮ್ಮ ಕಾರ್ಖಾನೆಯ ಅಸೆಂಬ್ಲಿ ವಿಭಾಗದಲ್ಲಿ ಫಿಟ್ಟರ್, ನನಗಿಂತ ಎಂಟು ವರ್ಷ ಚಿಕ್ಕವನು. ಜಾಲಹಳ್ಳಿಯ ನಮ್ಮ ಮನೆಗೆ ಹತ್ತಿರದ ಶೆಟ್ಟಿಹಳ್ಳಿಯವನು. ಅವರ ಮನೆಯವರೆಲ್ಲ ಕೆರೆಯ ಕೆಳಗೆ ರಾಗಿ ಬೆಳೆಯುವವರು. ದಿನಾ ನಾವಿಬ್ಬರೂ ಜೊತೆಯಲ್ಲೇ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆವು. ಒಂದು ಜನವರಿಯ ಬೆಳಿಗ್ಗೆ ದಾರಿಯಲ್ಲಿ ಅವನು, "ಸಾ, ನಾನು ಸಮುದ್ರ ನೋಡ್ಬೇಕು. ನೀವು ನೋಡಿದೀರಲ್ಲ, ನೀವೇ ತೋರುಸ್ಬೇಕು. ಮಂಗ್ಳೂರಿಂದ ಸೈಕಲ್ಲಾಗೆ ದಡ ಇಡ್ಕೊಂಡು ಓಗಾನ" ಅಂದ. ಬಸ್ಸಿನಲ್ಲೇ ಹೋಗಬಹುದಲ್ಲ ಅಂದೆ. "ಬಸ್ನಾಗೆ ಡ್ರೈವರ್ ನೋಡ್ತಾನೆ, ನಾವು ನಿದ್ದೆ ಒಡೀತೀವಿ" ಅಂದ. ರಜೆ ಸಿಗುವುದಿಲ್ಲ ಅನ್ನುವುದು ನನ್ನ ಕೊನೆಯ ಆಸೆಯಾಗಿತ್ತು. ನಮ್ಮ ಸೂಪರ್‌ವೈಸರ್ ಎಂದೂ ಇಲ್ಲದ ಉದಾರತೆಯಿಂದ ಒಂದು ವಾರ ಕೊಟ್ಟುಬಿಟ್ಟರು. ಕ್ಯಾಂಟೀನಿನಲ್ಲಿ ಎಲ್ಲರೂ ಮುನಿರಾಜುವಿಗೆ, "ಸಾರ್ ಜೊತೇಲಿದ್ದಾರೆ, ನಿಂಗೇನೋ ಯೋಚ್ನೆ" ಎಂದು ಧೈರ್ಯ ಹೇಳಿದರು. ನನಗೆ ಧೈರ್ಯ ಹೇಳುವವರು ಯಾರೂ ಇರಲಿಲ್ಲ. ಹನ್ನೊಂದು ವರ್ಷದ ಮರ್ಯಾದೆ ಎರಡು ಸೈಕಲ್ಲಿನ ಜೊತೆಗೆ ಬಸ್ಸಿನ ಟಾಪ್ ಏರಿತು.

ಮಂಗಳೂರಿನಿಂದ ಉತ್ತರಕ್ಕೆ ಹೊರಟವರಿಗೆ ಸಮುದ್ರ ಎಡಗಡೆ ಇರುತ್ತದೆ ಎಂದು ನಾನು ಮಗಳ ಭೂಪಟದಲ್ಲಿ ನೋಡಿಕೊಂಡಿದ್ದೆ. ಭೂಪಟ ಸುಳ್ಳು ಹೇಳುವುದಿಲ್ಲ. ಆದರೆ ಇಡೀ ಬೆಳಿಗ್ಗೆ ಎಡಗಡೆ ಇದ್ದದ್ದು ತೆಂಗಿನ ಮರ, ಹೆಂಚಿನ ಮನೆ, ಮತ್ತೆ ತೆಂಗಿನ ಮರ. ಮುನಿರಾಜು ಎರಡು ಮೈಲಿಗೊಮ್ಮೆ, "ಎಲ್ಲೈತೆ ಸಾ?" ಅನ್ನುತ್ತಿದ್ದ. "ಇಲ್ಲೇ ಇದೆ, ಅವಸರ ಮಾಡ್ಬೇಡ" ಅನ್ನುತ್ತಿದ್ದೆ. ಮಧ್ಯಾಹ್ನ ಮೂಲ್ಕಿಯ ಸೇತುವೆಯ ಮೇಲೆ ಬಂದಾಗ ಕೆಳಗೆ ನೀರೋ ನೀರು. ಇಷ್ಟು ಅಗಲದ ನೀರನ್ನು ನಾನು ಕಂಡಿರಲಿಲ್ಲ. ಗಂಭೀರವಾಗಿ ಸೈಕಲ್ ಇಳಿದು, ಕೈ ಚಾಚಿ, "ನೋಡು ಮುನಿರಾಜು, ಇದೇ ಸಮುದ್ರ" ಅಂದೆ. ಅವನು ಚಪ್ಪಲಿ ಬಿಟ್ಟು ಕೈ ಮುಗಿದ. ಆ ದಾರಿಯಲ್ಲೇ ಬರುತ್ತಿದ್ದ ಮುದುಕರೊಬ್ಬರು ಕೊಡೆ ಊರಿ ನಿಂತು, "ಇದು ಹೊಳೆ ಮಾರಾಯ್ರೆ. ಸಮುದ್ರ ಆಚೆ ಉಂಟು" ಅಂದರು. ನಾನು ನಕ್ಕು, "ಇವನಿಗೆ ಗೊತ್ತಾಗತ್ತೋ ಇಲ್ವೋ ಅಂತ ನೋಡ್ತಿದ್ದೆ" ಅಂದೆ. ಮುನಿರಾಜು ಚಪ್ಪಲಿ ಹಾಕಿಕೊಳ್ಳುತ್ತ, "ನಂಗೆ ಗೊತ್ತಾಗ್ಲಿಲ್ಲ ಸಾ" ಅಂದ. ಅವನ ದನಿಯಲ್ಲಿ ಅನುಮಾನವೇನೂ ಇರಲಿಲ್ಲ, ಅದರಿಂದ ನನಗೆ ಇನ್ನೂ ಕಸಿವಿಸಿಯಾಯಿತು.

ಆ ರಾತ್ರಿ ಉಡುಪಿಯಲ್ಲಿ ತಂಗಿದೆವು. ಹೋಟೆಲಿನ ಮಾಣಿಯನ್ನು ಗುಟ್ಟಾಗಿ ವಿಚಾರಿಸಿದೆ. ಕುಂದಾಪುರ ದಾಟಿದ ಮೇಲೆ ಮರವಂತೆ ಅಂತ ಒಂದು ಊರಿದೆ, ಅಲ್ಲಿ ರಸ್ತೆಯ ಪಕ್ಕದಲ್ಲೇ ಸಮುದ್ರ, ಕುರುಡನಿಗೂ ತಪ್ಪುವುದಿಲ್ಲ ಅಂದ. ನನಗೆ ಬೇಕಾಗಿದ್ದದ್ದು ಅಂಥದ್ದೇ ಸಮುದ್ರ. ಮುನಿರಾಜುವಿನ ಹತ್ತಿರ ಬಂದು, "ಇಲ್ಲೇ ಹತ್ತಿರದ ಮಲ್ಪೆಗಿಲ್ಪೆಗೆ ಹೋಗೋದು ಬೇಡ. ಮೊದಲನೇ ಸಲ ನೋಡೋರು ಮರವಂತೇಲೇ ನೋಡ್ಬೇಕು" ಎಂದು ತೀರ್ಪು ಕೊಟ್ಟೆ. "ನೀವೇಳ್ದಂಗೆ ಸಾ" ಅಂದ. ಮರುದಿನ ತುಳಿಯುತ್ತ, ಸಮುದ್ರ ಬಂದಾಗ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಸಿದ್ಧತೆ ಮಾಡಿಕೊಂಡೆ. ಅಲೆ ಏಕೆ ಬರುತ್ತದೆ, ನೀರು ಏಕೆ ಉಪ್ಪು, ಆಚೆ ದಡ ಯಾವ ದೇಶ, ಎಲ್ಲವೂ ಬಾಯಲ್ಲಿ ತಯಾರಿತ್ತು.

ಒಂದೂ ಪ್ರಯೋಜನಕ್ಕೆ ಬರಲಿಲ್ಲ. ರಸ್ತೆ ಒಂದು ತಿರುವು ತಿರುಗಿತು, ಬಲಗಡೆ ಹೊಳೆ, ಎಡಗಡೆ ಮರಗಳು ಮುಗಿದು ಅದು ಇತ್ತು. ಅದಕ್ಕೆ ಆಚೆ ದಡ ಇರಲಿಲ್ಲ. ನನಗೆ ಅಳು ಬಂತು, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಬಾಯಿ ತೆರೆದವನು ಹಾಗೇ ತುಳಿಯುತ್ತ ಹೋಗಿ, ರಸ್ತೆ ಬಿಟ್ಟು ಮರಳಿಗಿಳಿದು, ಸೈಕಲ್ ಸಮೇತ ಬಿದ್ದೆ. ಬಿದ್ದ ಮೇಲೂ ಅದನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತಾಯಿತೋ, ತಿರುಗಿ ನೋಡಿದರೆ ಮುನಿರಾಜು ಸಮುದ್ರ ನೋಡುತ್ತಿರಲಿಲ್ಲ. ಸೈಕಲ್ ಹಿಡಿದುಕೊಂಡು ನಿಂತು ನನ್ನ ಮುಖ ನೋಡುತ್ತಿದ್ದ.

ನಾನು ಮರಳು ಕೊಡವಿಕೊಂಡು ಎದ್ದು, ಕಳೆದುಕೊಂಡ ಯಜಮಾನಿಕೆಯನ್ನು ಕೂಡಲೇ ವಾಪಸು ಪಡೆಯಲು ಹೊರಟೆ. ಸೈಕಲ್ಲುಗಳನ್ನು ನೀರಿನ ಹತ್ತಿರ, ಗಟ್ಟಿ ಮರಳಿನ ಮೇಲೆ ನಿಲ್ಲಿಸಬೇಕು ಎಂದು ಅಪ್ಪಣೆ ಮಾಡಿದೆ. ಮೇಲಿನ ಒಣ ಮರಳಿನಲ್ಲಿ ಸ್ಟ್ಯಾಂಡು ಹೂತುಹೋಗುತ್ತಿತ್ತು. ಮುನಿರಾಜು, "ನೀರು ಮೇಲಕ್ಕೆ ಬಂದ್ಬಿಟ್ರೆ?" ಅಂದ. "ಮಳೆ ಇಲ್ಲದೆ ನೀರು ಎಲ್ಲಿಂದ ಮೇಲೆ ಬರತ್ತೋ? ಬೇಸಿಗೆ ಕಡೆಗೆ ನಿಮ್ಮೂರ ಕೆರೆ ಇಳಿಯತ್ತೋ ಏರತ್ತೋ?" ಅಂದೆ. ಕೆರೆ ಇಳಿಯುತ್ತದೆ ಎಂದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಒಪ್ಪಿದ. ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ತಿಂದು ಇಬ್ಬರೂ ತೆಂಗಿನ ಮರದ ನೆರಳಿನಲ್ಲಿ ಮಲಗಿದೆವು.

ಎಬ್ಬಿಸಿದ್ದು ಒಬ್ಬ ಹೆಂಗಸಿನ ಕೂಗು. ಮೀನಿನ ಬುಟ್ಟಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಮ್ಮ ಸೈಕಲ್ಲುಗಳು ನೀರಿನಲ್ಲಿ ಮಗುಚಿ ಬಿದ್ದಿದ್ದವು, ಒಂದೊಂದು ಅಲೆಗೂ ಒಂದೊಂದು ಮಾರು ಹೋಗಿ ಬರುತ್ತಿದ್ದವು. ಬಿದ್ದೆದ್ದು ಓಡಿ ಇಬ್ಬರೂ ಅವನ್ನು ಎಳೆದು ತಂದೆವು. ನಾನು ಸೊಂಟದವರೆಗೆ ನೆನೆದಿದ್ದೆ, ಬಾಯಿಗೂ ಒಂದು ಗುಟುಕು ಹೋಗಿತ್ತು. ನೀರು ಉಪ್ಪು ಅನ್ನುವುದು ಆಗ ಖಚಿತವಾಯಿತು. ಆಕೆ ನನ್ನನ್ನೇ ನೋಡುತ್ತ, "ನೀರ್ ಏರತ್ತ್ ಅಂದೇಳಿ ಗೊತ್ತಿಲ್ಯಾ? ಕಡ್ಲ್ ಕಂಡೋರಲ್ಲ ಕಾಣತ್ತ್ ನೀವ್!" ಅಂದಳು. ಹನ್ನೊಂದು ವರ್ಷದಲ್ಲಿ ಯಾರೂ ಆಡದ ಮಾತು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮುನಿರಾಜು ಮುಂದೆ ಬಂದ. "ಅವ್ರು ನೋಡವ್ರೆ ಕಣಮ್ಮ. ಬ್ಯಾಡ ಅಂದ್ರು, ನಾನೇ ಅವ್ರ ಮಾತು ಕೇಳ್ದೆ ಇಲ್ಲಿ ನಿಲ್ಸ್ದೆ. ನಾನೇ ನೋಡಿಲ್ದೋನು" ಅಂದ. ಆಕೆ ಅವನಿಗೆ ಇನ್ನೆರಡು ಮಾತು ಬೈದು ಬುಟ್ಟಿ ಎತ್ತಿಕೊಂಡು ಹೋದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ.

ಮುಂದಿನ ಎರಡು ದಿನ ಎರಡೂ ಸೈಕಲ್ಲು ಒಂದೇ ಸಮ ಕಿರುಗುಟ್ಟಿದವು. ಭಟ್ಕಳದಲ್ಲಿ ಸೀಮೆಎಣ್ಣೆ, ಹೊನ್ನಾವರದಲ್ಲಿ ಕೊಬ್ಬರಿ ಎಣ್ಣೆ, ಹೀಗೆ ಊರೂರಿನಲ್ಲಿ ಮುನಿರಾಜು ಚೈನುಗಳ ಆರೈಕೆ ಮಾಡಿದ. ಹೊನ್ನಾವರದಲ್ಲಿ ಅವನು ಚೈನಿಗೆ ಬಗ್ಗಿ ಕೂತಿದ್ದಾಗ ನಾನು ಗಂಟಲು ಸರಿಮಾಡಿಕೊಂಡು, "ಮುನಿರಾಜು, ನಿನಗೊಂದು ವಿಷಯ ಹೇಳಬೇಕು" ಅಂದೆ. ಅವನು ತಲೆ ಎತ್ತದೆ ಪೆಡಲ್ಲನ್ನು ಒಂದು ಸುತ್ತು ತಿರುಗಿಸಿ, "ಸರೋಯ್ತು ಸಾ, ಒಂಡಿ" ಅಂದ. ನಾನು ಹೊರಟೆ. ಹೇಳಲೇಬೇಕೆಂದು ನನಗೂ ಅಂಥ ಹಟವೇನೂ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಕೆಲಸಕ್ಕೆ ವಾಪಸಾದ ದಿನ ಕ್ಯಾಂಟೀನಿನಲ್ಲಿ ಎಲ್ಲರೂ ಅವನನ್ನು ಸುತ್ತಿಕೊಂಡರು. ಸಾರ್ ಚೆನ್ನಾಗಿ ತೋರಿಸಿದರಾ ಎಂದು ಯಾರೋ ಕೇಳಿದರು. ನಾನು ಸಾರಿನ ಬಟ್ಟಲಿನಲ್ಲಿ ಮುಖವಿಟ್ಟು ಕಾದೆ. "ಅವ್ರು ಸಮುದ್ರ ನೋಡೋದ್ನ ನೋಡ್ತಿದ್ರೆ ಸಾಕಾಗಿತ್ತು ಕಣ್ರೋ. ಎಷ್ಟೊಂದು ಸಂತೋಷ ಪಟ್ರು ಗೊತ್ತಾ" ಅಂದ, ಅಷ್ಟೇ. ನನ್ನ ಮರ್ಯಾದೆಗೆ ಒಂದು ಗೀರೂ ಬೀಳಲಿಲ್ಲ. ಮೊದಲಿಗಿಂತ ಹೆಚ್ಚೇ ಆಯಿತು. ನಮ್ಮ ಸೂಪರ್‌ವೈಸರ್ ಬೇಸಿಗೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ನನ್ನನ್ನೇ ಕೇಳಿದರು.

ಆದರೆ ಮರವಂತೆಯ ಆ ತಿರುವಿನಲ್ಲಿ ನನಗೆ ಏನಾಯಿತು ಎಂದು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು. ಭಾನುವಾರ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದಾಗ ಪಕ್ಕದಲ್ಲಿ ಕೂತು ಶುರುಮಾಡಿದೆ. ನೀರು, ಬೆಳಕು, ಆಚೆ ದಡ ಇಲ್ಲದಿರುವುದು, ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸಿ ಕೇಳಿದಳು. ಆಮೇಲೆ, "ಎರಡನೇ ಸಲಕ್ಕೇ ಇಷ್ಟಾದ್ರೆ, ಮೊದಲನೇ ಸಲ ಹೇಗಾಗಿತ್ತೋ ನಿಮಗೆ! ಅದನ್ನ ಯಾವತ್ತೂ ಹೇಳ್ಲೇ ಇಲ್ವಲ್ರೀ?" ಅಂದಳು. ನಾನು ಮೊರದಲ್ಲಿ ಒಂದು ಕಲ್ಲು ಹುಡುಕಿ ತೆಗೆದೆ. "ಮೊದಲನೇ ಸಲ ಅಷ್ಟೇನೂ ಅನ್ನಿಸ್ಲಿಲ್ಲ ಕಣೆ" ಅಂದೆ.