ಶಿಫ್ಟ್ ಗಾಡಿ ನಿಲ್ಲುವ ಜಾಗಗಳು

ಸಂಸಾರಸ್ಥನಾದವನಿಗೆ ಬೈದು ಹಗುರಾಗಲು ಏನಾದರೊಂದು ಬೇಕೇ ಬೇಕು. ಕೆಲವರಿಗೆ ಬೀಗರು ಒದಗುತ್ತಾರೆ, ಕೆಲವರಿಗೆ ಬದುವಿನಾಚೆಯ ಹೊಲದವರು, ಇನ್ನು ಕೆಲವರಿಗೆ ಸರಕಾರ. ನನ್ನ ದುರದೃಷ್ಟಕ್ಕೆ ನನ್ನ ಬೀಗರು ಒಳ್ಳೆಯವರು. ಬದುವಿನಾಚೆ ಹೊಲವೇ ಇಲ್ಲ, ಕಾಲುವೆ ಇದೆ. ಸರಕಾರವನ್ನಾದರೂ ಬೈಯೋಣವೆಂದರೆ ನಾನೇ ಸರಕಾರಿ ನೌಕರ, ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹೀಗಾಗಿ ನನ್ನ ಪಾಲಿಗೆ ಉಳಿದದ್ದು ಒಂದು ಬಸ್ಸು. ಮದುವೆಯಾದಂದಿನಿಂದ ಇಂದಿನವರೆಗೆ ನಾನು ದೇವರ ಹೆಸರನ್ನು ನೆನೆದದ್ದಕ್ಕಿಂತ ಹೆಚ್ಚಾಗಿ ಅದರ ಹೆಸರನ್ನು ಹಿಡಿದು ಶಪಿಸಿದ್ದೇನೆ.

ಅದು ಬೆಳಿಗ್ಗೆ ಸಿಂಧನೂರು ಬಿಟ್ಟು, ಗೊರೇಬಾಳ ದಾಟಿ, ಮಸ್ಕಿ ಹೊಕ್ಕು, ಲಿಂಗಸುಗೂರಿನ ಮೇಲೆ ಹಟ್ಟಿಗೆ ಹೋಗುವ ಗಾಡಿ. ಬೋರ್ಡಿನ ಮೇಲೆ ಏನೇ ಬರೆದಿರಲಿ, ನಮ್ಮ ಕಡೆ ಎಲ್ಲರೂ ಅದನ್ನು ಕರೆಯುವುದು ಶಿಫ್ಟ್ ಗಾಡಿ ಎಂದು. ಹಟ್ಟಿಯ ಚಿನ್ನದ ಗಣಿಗೆ ಕೆಲಸಕ್ಕೆ ಹೋಗುವವರ ಅನುಕೂಲಕ್ಕೆಂದೇ ಅದನ್ನು ಶುರುಮಾಡಿದರಂತೆ. ಈಗ ಅದನ್ನು ನಂಬಿ ಶಿಫ್ಟಿಗೆ ಹೋಗುವವರು ಯಾರೂ ಇಲ್ಲ. ಹೋಗಲೇಬೇಕಾದವರು ಹಿಂದಿನ ದಿನದ ಗಾಡಿಗೇ ಹೋಗಿ ನೆಂಟರ ಮನೆಯಲ್ಲಿ ಮಲಗಿರುತ್ತಾರೆ. ಆದರೂ ಹೆಸರು ಉಳಿದಿದೆ. ನಮ್ಮ ಪೈಕಿ ಗುಂಡಪ್ಪ ಎಂಬ ಕಡ್ಡಿಪೈಲವಾನ ಒಬ್ಬನಿದ್ದಾನೆ, ಹಾಗೆ.

ನನ್ನ ಮನೆ ಗೊರೇಬಾಳ ದಾಟಿದ ಮೇಲೆ, ರಸ್ತೆಗೆ ಹತ್ತಿದ ನಮ್ಮ ಗದ್ದೆಯಲ್ಲೇ ಇದೆ. ಮನೆಯ ಮುಂದೊಂದು ಬೇವಿನ ಗಿಡ. ಗಿಡದ ಕೆಳಗೆ ನಿಂತರೆ ಗಾಡಿ ನಿಲ್ಲುತ್ತದೆ. ಅಲ್ಲಿಂದ ಲಿಂಗಸುಗೂರು ಹೇಳಿಕೊಳ್ಳುವಷ್ಟು ದೂರವೇನಲ್ಲ, ಆದರೆ ಈ ಗಾಡಿ ದೂರವನ್ನು ಮೈಲಿಯಿಂದ ಅಳೆಯುವುದಿಲ್ಲ, ನಿಂತ ಜಾಗಗಳಿಂದ ಅಳೆಯುತ್ತದೆ. ಅದಕ್ಕೆ ತಲೆಮಾರುಗಳ ಇತಿಹಾಸವಿದೆ. ಆ ಇತಿಹಾಸವನ್ನು ಕಿಟಕಿಯ ಪಕ್ಕ ಕೂತು, ವಾಚು ನೋಡಿ ಹಲ್ಲು ಕಡಿಯುತ್ತಾ ಸಂಗ್ರಹಿಸಿದವನು ನಾನೊಬ್ಬನೇ ಇರಬೇಕು.

ಮೊದಲು ಬರುವುದು ಕಾಲುವೆಯ ಸೇತುವೆ. ಅಲ್ಲಿ ಊರಿಲ್ಲ, ಮನೆಯಿಲ್ಲ, ಒಂದು ಚಹಾದಂಗಡಿಯೂ ಇಲ್ಲ. ನನ್ನ ತಂದೆಯ ಕಾಲದಲ್ಲಿ ಗಾಡಿಯ ಎಂಜಿನ್ನು ಇಲ್ಲಿಗೆ ಬರುವ ಹೊತ್ತಿಗೆ ಕುದಿಯುತ್ತಿತ್ತಂತೆ. ಡ್ರೈವರ್ ಇಳಿದು ಕಾಲುವೆಯಿಂದ ಬಕೆಟ್ಟಿನಲ್ಲಿ ನೀರು ತಂದು ಹೊಯ್ಯುತ್ತಿದ್ದನಂತೆ. ಆಮೇಲೆ ಆ ಎಂಜಿನ್ನು ಗುಜರಿಗೆ ಹೋಯಿತು, ಆ ಡ್ರೈವರ್ ಶಿವನ ಪಾದ ಸೇರಿದ, ಗಾಡಿಗಳೇ ಎಷ್ಟೋ ಬದಲಾದವು. ಸ್ಟಾಪು ಮಾತ್ರ ಅಲ್ಲೇ ಇದೆ. ಈಗಿನ ಡ್ರೈವರ್ ಯಮನಪ್ಪ ಗಾಡಿ ನಿಲ್ಲಿಸಿ ಕಾಲುವೆಯ ಕಡೆ ಕತ್ತು ಚಾಚಿ ನೋಡುತ್ತಾನೆ. ಅವನ ಜೊತೆಗೆ ಇಡೀ ಗಾಡಿಯೇ ಆ ಕಡೆ ವಾಲುತ್ತದೆ. 'ನೀರು ಬಿಟ್ಟಾರೇನಪಾ?' ಎಂದು ಒಬ್ಬರು ಕೇಳಿದರೆ, 'ಮ್ಯಾಲಿನೋರು ಕುಡದು ಉಳಿದ್ರ ನಮಗ ಬರತೈತಿ' ಎಂದು ಇನ್ನೊಬ್ಬರು ಅನ್ನುತ್ತಾರೆ. ಅಲ್ಲಿಗೆ ನೀರಾವರಿ ಸಭೆ ಆರಂಭವಾಗುತ್ತದೆ. ನನಗೂ ಗದ್ದೆಯಿರುವುದರಿಂದ ಬೇಡಬೇಡವೆಂದರೂ ನಾನೂ ಎರಡು ಮಾತು ಸೇರಿಸಿ, ಆಮೇಲೆ ವಾಚು ನೋಡಿಕೊಂಡು ಎದೆ ಬಡಿದುಕೊಳ್ಳುತ್ತೇನೆ.

ಮುಂದಿನದು ಬೀಗರ ಸ್ಟಾಪು. ಹಿಂದೊಬ್ಬ ಕಂಡಕ್ಟರಿಗೆ ಆ ಹಳ್ಳಿಯ ಹೆಣ್ಣು ತಂದಿದ್ದರು. ಅಳಿಯ ದಾರಿಯ ಮೇಲೆ ಹೋಗುವಾಗ ಮಜ್ಜಿಗೆ ಕೊಡದೆ ಕಳಿಸುವುದುಂಟೇ? ಅತ್ತೆ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು, ಅಳಿಯ ಕುಡಿದು, ಡ್ರೈವರಿಗೂ ಕೊಟ್ಟು ಬರುತ್ತಿದ್ದ. ಅವನು ನಿವೃತ್ತನಾಗಿ ಎಷ್ಟೋ ಕಾಲವಾಯಿತು. ಆದರೆ ಆ ಮನೆಯವರು ಈ ಗಾಡಿಯ ಮೇಲೆ ಯಾರು ಕಂಡಕ್ಟರಾಗಿ ಬಂದರೂ ಅವರನ್ನು ಅಳಿಯನೆಂದೇ ಭಾವಿಸಿ ಮಜ್ಜಿಗೆ ತರುತ್ತಾರೆ. ಈಗಿನ ಕಂಡಕ್ಟರ್ ಹುಸೇನಪ್ಪನನ್ನು ಒಮ್ಮೆ ನಾನು, 'ನಿನಗೂ ಅವರಿಗೂ ಏನಪಾ ಸಂಬಂಧ?' ಎಂದು ಕೇಳಿದೆ. ಅವನು ಮೀಸೆ ಒರೆಸಿಕೊಳ್ಳುತ್ತಾ, 'ಡ್ಯೂಟಿ ಸಂಬಂಧ ರೀ ಸರ್' ಎಂದ.

ಮಸ್ಕಿ ಮುಟ್ಟುವ ಮೊದಲು ಒಂದು ಬಸವಣ್ಣನ ಗುಡಿ. ಸೋಮವಾರ ಅಲ್ಲಿ ಕಾಯಿ ಒಡೆಯಲೇಬೇಕು, ಉಳಿದ ದಿನ ಕೈ ಮುಗಿದರೆ ಸಾಕು. ಕಾಯಿ ಒಡೆದ ದಿನ ಹೋಳು ಮಾಡಿ ಹಂಚುವವರೆಗೆ ಗಾಡಿ ಕದಲುವುದಿಲ್ಲ. ನಾನೂ ಲಿಂಗ ಕಟ್ಟಿದವನೇ, ಬಸವಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಾಯಕವೇ ಕೈಲಾಸ ಎಂದು ನಂಬಿದವನನ್ನು ಕಾಯಕಕ್ಕೆ ಮುಟ್ಟಗೊಡದೆ ಗುಡಿಯ ಮುಂದೆ ಕೊಬ್ಬರಿ ತಿನ್ನಿಸುವುದು ಯಾವ ಧರ್ಮವೋ ತಿಳಿಯದು. ಇನ್ನು ಮಸ್ಕಿಯಲ್ಲಿ ಯಮನಪ್ಪನಿಗೆ ಮಂಡಕ್ಕಿ ಒಗ್ಗರಣೆಯ ಸುಸಲಾ, ಮಿರ್ಚಿ, ಚಹಾ. ಅಲ್ಲಿಯ ಗುಡ್ಡದಲ್ಲಿ ಬಹಳ ಹಿಂದಿನ ಚಕ್ರವರ್ತಿಯೊಬ್ಬ ಕಲ್ಲಿನ ಮೇಲೆ ಶಾಸನ ಬರೆಸಿದ್ದಾನೆ. ಪಂಡಿತರು ಅದಕ್ಕೆ ಏನೇನೋ ಕಾರಣ ಹೇಳುತ್ತಾರೆ. ನನ್ನ ಗುಮಾನಿಯೆಂದರೆ, ಅವನೂ ಲಿಂಗಸುಗೂರಿನ ಕಡೆ ಹೊರಟು, ಗಾಡಿ ಬಿಡುವವರೆಗೆ ಹೊತ್ತು ಹೋಗದೆ ಬರೆಸಿರಬೇಕು.

ಇವೆಲ್ಲವುಗಳ ಮೇಲೆ ಬುತ್ತಿ. ಗಾಡಿಯೊಳಗೆ ಡ್ರೈವರನ ಪಕ್ಕದಲ್ಲಿ ಮನುಷ್ಯರು ಕೂರುವುದಿಲ್ಲ, ಡಬ್ಬಿಗಳು ಕೂರುತ್ತವೆ. ಹಟ್ಟಿಯ ಕಂಪನಿ ಮನೆಗಳಲ್ಲಿರುವ ಅಣ್ಣಂದಿರಿಗೆ, ಲಿಂಗಸುಗೂರಿನಲ್ಲಿ ಕೋಣೆ ಹಿಡಿದು ಓದುವ ಮಕ್ಕಳಿಗೆ ದಾರಿಯ ಹಳ್ಳಿಗಳ ತಾಯಂದಿರು ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತಾರೆ. ಒಂದೊಂದಕ್ಕೂ ಒಂದೊಂದು ಬಣ್ಣದ ಅರಿವೆಯ ಗಂಟು. ಹಿಂದಿನವರು ಮಾಡಿದ ಪದ್ಧತಿ, ಯಾರೂ ಮುರಿದಿಲ್ಲ. ಕೈಯಲ್ಲಿ ಡಬ್ಬಿ ಹಿಡಿದ ಮುದುಕಿ ಗದ್ದೆಯ ಬದುವಿನ ಮೇಲೆ ಕಂಡರೂ ಯಮನಪ್ಪ ಬ್ರೇಕು ಒತ್ತುತ್ತಾನೆ. ಆಕೆ ಬದು ಇಳಿದು, ಸೆರಗು ಸರಿಮಾಡಿಕೊಂಡು, ಮಗನಿಗೆ ಹೇಳಬೇಕಾದ ಸುದ್ದಿಯನ್ನೂ ಹುಸೇನಪ್ಪನ ಕಿವಿಗೆ ಹಾಕಿ ಮುಗಿಸುವವರೆಗೆ ನಾವು ಬೆವರು ಒರೆಸಿಕೊಳ್ಳುತ್ತಾ ಕೂತಿರಬೇಕು.

ಇಷ್ಟು ವರ್ಷ ಹೇಗೋ ನಡೆಯಿತು. ಮೊನ್ನೆ ಮೊನ್ನೆ ನಮ್ಮ ಕಚೇರಿಗೆ ಬೆರಳು ಒತ್ತುವ ಹಾಜರಿ ಯಂತ್ರ ಬಂತು, ಅದರ ಬೆನ್ನಿಗೆ ಹೊಸ ಮೇಡಂ ಬಂದರು. ಹಳೆಯ ಸಾಹೇಬರಿಗೆ 'ಶಿಫ್ಟ್ ಗಾಡಿ ರೀ ಸರ್' ಎಂದರೆ ಸಾಕಿತ್ತು, ಅವರೇ ಅಯ್ಯೋ ಪಾಪ ಎನ್ನುತ್ತಿದ್ದರು. ಮೇಡಂ ದಕ್ಷಿಣದ ಕಡೆಯವರು. 'ಬಸ್ಸು ಕಾಲುವೆ ನೋಡಲು ನಿಂತಿತ್ತು' ಎಂದು ನಾನು ಸತ್ಯವನ್ನೇ ಹೇಳಿದರೆ, ಅವರು ಹಾಜರಿ ಯಂತ್ರದ ಕಡೆ ಬೆರಳು ತೋರಿಸಿದರು. 'ನೋಡಿ, ಇದೇ ರೀತಿ ತಡವಾಗಿ ಬರ್ತಿದ್ರೆ ನಿಮ್ಮನ್ನ ಜಿಲ್ಲೆಯ ಆ ತುದಿಗೆ ಹಾಕಿಸ್ತೀನಿ' ಎಂದರು. ಮನೆ, ಗದ್ದೆ, ಅವ್ವ, ಹೆಂಡತಿ ಎಲ್ಲವನ್ನೂ ಬಿಟ್ಟು ಈ ವಯಸ್ಸಿನಲ್ಲಿ ಕೋಣೆ ಹಿಡಿದು ಅನ್ನ ಬೇಯಿಸಿಕೊಳ್ಳುವ ಚಿತ್ರ ಕಣ್ಣ ಮುಂದೆ ಬಂತು. ನನಗೆ ಅನ್ನ ಬೇಯಿಸಲು ಬರುವುದಿಲ್ಲ ಎಂಬುದಕ್ಕಿಂತ, ಬರುತ್ತದೆ ಎಂದು ನಾನು ತಿಳಿದಿರುವುದೇ ದೊಡ್ಡ ಅಪಾಯ ಎಂದು ನನ್ನ ಹೆಂಡತಿ ನೀಲಮ್ಮ ಯಾವಾಗಲೂ ಹೇಳುತ್ತಾಳೆ.

ಅದೇ ಹೊತ್ತಿಗೆ ಮಸ್ಕಿಯಲ್ಲಿ ಬಸ್ಸಿನವರು ಪ್ರಯಾಣಿಕರ ಅಹವಾಲು ಕೇಳುವ ಸಭೆ ಇಟ್ಟರು. ರಜೆ ಹಾಕಿ ಹೋದೆ. ಉಳಿದವರೆಲ್ಲ ಸೀಟು ಹರಿದಿದೆ, ಕಿಟಕಿ ಮುಚ್ಚುವುದಿಲ್ಲ ಎಂದು ಚಿಲ್ಲರೆ ಮಾತಾಡಿ ಕೂತರು. ನಾನು ಎದ್ದು ನಿಂತು ಶಿಫ್ಟ್ ಗಾಡಿಯ ಇತಿಹಾಸವನ್ನು ಬುಡದಿಂದ ಬಿಚ್ಚಿದೆ. ಕುದಿಯದ ಎಂಜಿನ್ನಿಗೆ ನೀರಿನ ಸ್ಟಾಪು, ಅಳಿಯನಿಲ್ಲದ ಬೀಗರ ಸ್ಟಾಪು, ಒಂದನ್ನೂ ಬಿಡಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಮೇಲಿನ ಅಧಿಕಾರಿಗಳು ಕಣ್ಣೊರೆಸಿಕೊಂಡು, 'ಇನ್ನು ಮುಂದೆ ಮಂಜೂರಾದ ಸ್ಟಾಪ್ ಬಿಟ್ಟರೆ ಎಲ್ಲಿಯೂ ಪ್ರಯಾಣಿಕರನ್ನು ಹತ್ತಿಸತಕ್ಕದ್ದಲ್ಲ, ಇಳಿಸತಕ್ಕದ್ದಲ್ಲ' ಎಂದು ಅಲ್ಲಿಯೇ ಹುಕುಂ ಮಾಡಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಗೋಡೆಗೆ ಆನಿಕೊಂಡು ನಿಂತಿದ್ದ ಯಮನಪ್ಪ ಹೊರಗೆ ಸಿಕ್ಕಾಗ, 'ಛಲೋ ಮಾತಾಡಿದ್ರಿ ಸರ್' ಎಂದ. ಅವನ ದೊಡ್ಡ ಮನಸ್ಸಿಗೆ ನನಗೆ ಮೆಚ್ಚಿಗೆಯಾಗಿ ಅವನ ಭುಜ ತಟ್ಟಿದೆ.

ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿ, ಡಬ್ಬಿ ಹಿಡಿದು ಬೇವಿನ ಗಿಡದ ಕೆಳಗೆ ನಿಂತೆ. ಹೇಳಿದ ಹೊತ್ತಿಗೆ ಸರಿಯಾಗಿ ದೂರದಲ್ಲಿ ಗಾಡಿ ಕಂಡಿತು. ಈ ಜನ್ಮದಲ್ಲಿ ಅದು ಹೊತ್ತಿಗೆ ಬಂದದ್ದನ್ನು ನಾನು ನೋಡಿರಲಿಲ್ಲ, ಹೆಮ್ಮೆಯಿಂದ ಅಂಗಿಯ ಕಾಲರು ಸರಿಮಾಡಿಕೊಂಡೆ. ಕೈ ಮಾಡಿದೆ. ಗಾಡಿ ಬಂತು, ಬಂದ ವೇಗದಲ್ಲೇ ಹೋಯಿತು. ಬಾಗಿಲಲ್ಲಿ ನಿಂತಿದ್ದ ಹುಸೇನಪ್ಪ ನನಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ್ದು ಮಾತ್ರ ಧೂಳಿನಲ್ಲಿ ಮಸುಕಾಗಿ ಕಾಣಿಸಿತು.

ಸಂಜೆ ಸಿಂಧನೂರು ಬಸ್‌ಸ್ಟ್ಯಾಂಡಿಗೇ ಹೋಗಿ ಯಮನಪ್ಪನನ್ನು ಹಿಡಿದೆ.

'ಯಾಕಪಾ, ಇವತ್ತ ಗಾಡಿ ಯಾಕ ನಿಲ್ಲಿಸಲಿಲ್ಲ?'

'ಅಲ್ಲಿ ಸ್ಟಾಪ್ ಇಲ್ರಿ ಸರ್.'

'ಇಷ್ಟ್ ವರ್ಷ ನಿಲ್ಲಿಸೀಯಲ್ಲ?'

'ಇಷ್ಟ್ ವರ್ಷ ನೀವು ಮಾತಾಡಿದ್ದಿಲ್ರಿ.'

ಮನೆಗೆ ಬಂದು ಕೂಗಾಡಿದೆ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: 'ಸ್ಟಾಪ್ ಅದು ಸರಕಾರ ಹಾಕಿದ್ದೇನಲೇ? ನೌಕರಿ ಹತ್ತಿದ ಹೊಸದಾಗ ನೀ ಲಿಂಗಸೂರಾಗ ಕ್ವಾಣಿ ಹಿಡದಿದ್ದಿ. ಮಗ ಹೊಟೇಲದಾಗ ಉಂಡು ಸೊರಗ್ಯಾನ ಅಂತ ನಾ ದಿನಾ ಗಿಡದ ಬುಡಕ ಬುತ್ತಿ ಹಿಡಕೊಂಡು ನಿಂದ್ರತಿದ್ದೆ. ಪಾಪ, ಆಗಿನ ಡ್ರೈವರ ಗಾಡಿ ತರಬಿದ. ಅದ ಸ್ಟಾಪ್ ಆತು. ನೀ ಮದುವಿ ಆಗಿ ಮನ್ಯಾಗ ಬಂದು ನಿಂತ ಮ್ಯಾಲ ಬುತ್ತಿ ಬದಲಿ ನೀನ ಹತ್ತಾಕ ಹತ್ತಿದಿ.' ಇಡೀ ದಾರಿಯ ಇತಿಹಾಸ ಬರೆದವನು ನನ್ನ ಮನೆಯ ಮುಂದಿನ ಗಿಡದ ಇತಿಹಾಸವನ್ನು ಮಾತ್ರ ಕೇಳಿರಲಿಲ್ಲ. ಅದು ಭೂಮಿ ಹುಟ್ಟಿದಾಗಲೇ ನನ್ನ ಸಲುವಾಗಿ ಮಂಜೂರಾಗಿ ಬಂದದ್ದು ಎಂದು ನಂಬಿದ್ದೆ.

ಗೊರೇಬಾಳಕ್ಕೆ ಹೋಗಿ ಹತ್ತಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅದೂ ಆಯಿತು. ನೀಲಮ್ಮ ಸ್ಕೂಟಿಯ ಮೇಲೆ ಬಿಟ್ಟು ಬಂದಳು. ಸ್ಟಾಪು ಕಳೆದುಕೊಂಡ ಸುತ್ತಲಿನ ಮಂದಿಯೆಲ್ಲ ಅಲ್ಲಿಯೇ ಜಮಾ ಆಗಿದ್ದರು, ಯಾರ ಭಾಷಣದಿಂದ ತಮಗೆ ಈ ಗತಿ ಬಂತು ಎಂಬುದು ಅವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಗಾಡಿ ಬಂದಾಗ ನಾನು ಬಾಗಿಲಿನ ಕಂಬಿಗೆ ಕೈ ಹಾಕಿದೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಸುಬ್ಬಮ್ಮ ತನ್ನ ತೆಲುಗು ಬೆರೆತ ಕನ್ನಡದಲ್ಲಿ, 'ಭಾಷಣ ಮಾಡಿದೋರು ಹಿಂದಿನ ಗಾಡಿಗೆ ಬರ್ರಂಡಿ' ಎಂದು ಮೊಣಕೈಯಿಂದ ನನ್ನನ್ನು ಬದಿಗೆ ಸರಿಸಿದಳು. ಜನ ನಕ್ಕರು. ಮಸ್ಕಿಯ ಸಭೆಯಲ್ಲಿ ನಕ್ಕದ್ದಕ್ಕಿಂತ ಜೋರಾಗಿಯೇ ನಕ್ಕರು. ಬಾಗಿಲು ಹಾಕಿಕೊಂಡಿತು.

ಅಂದಿನಿಂದ ನನ್ನದು ಟಂಟಂ ಆಟೋದ ಪ್ರಯಾಣ. ಅದು ಮಂದಿ ತುಂಬುವವರೆಗೆ ಕದಲುವುದಿಲ್ಲ, ತುಂಬಿದ ಮೇಲೆ ನನಗೆ ಕಾಲಿಡಲು ಜಾಗವಿರುವುದಿಲ್ಲ, ಮಸ್ಕಿಯಲ್ಲಿ ಇಳಿದು ಇನ್ನೊಂದನ್ನು ಹಿಡಿಯಬೇಕು. ಅದಕ್ಕಾಗಿ ರೊಟ್ಟಿ ಬೇಯುವ ಮೊದಲೇ ಮನೆ ಬಿಡಬೇಕು. ಮಗ ಮತ್ತೆ ಹೊಟೇಲಿನ ಪಾಲಾದನಲ್ಲ ಎಂದು ಅವ್ವನಿಗೆ ಸಂಕಟವಾಯಿತು. ಒಂದು ದಿನ ನಾನು ಹೋದ ಮೇಲೆ ಆಕೆ ಹಳೆಯ ಡಬ್ಬಿಯನ್ನು ತೊಳೆದು, ಬುತ್ತಿ ಕಟ್ಟಿ, ಕೆಂಪು ಅರಿವೆಯ ಗಂಟು ಹಾಕಿ ಬೇವಿನ ಗಿಡದ ಕೆಳಗೆ ನಿಂತಳು. ಶಿಫ್ಟ್ ಗಾಡಿ ನಿಧಾನವಾಯಿತು. ಹುಸೇನಪ್ಪ ಬಾಗಿಲಿನಿಂದ ಬಾಗಿ ಡಬ್ಬಿ ಇಸಿದುಕೊಂಡ. ಹುಕುಂ ಇದ್ದದ್ದು ಪ್ರಯಾಣಿಕರ ಬಗ್ಗೆ, ಬುತ್ತಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಹೇಗಿರುತ್ತದೆ, ಭಾಷಣದಲ್ಲಿ ನಾನೇ ಬುತ್ತಿಯ ವಿಷಯವನ್ನು ಎತ್ತಿರಲಿಲ್ಲ, ತಾಯಂದಿರು ಬೇಸರ ಮಾಡಿಕೊಂಡಾರು ಎಂದು.

ನಾನು ಬೆವರಿನಲ್ಲಿ ತೊಯ್ದು, ಅಂಗಿಯ ಇಸ್ತ್ರಿ ಮುರಿದು ಕಚೇರಿ ಮುಟ್ಟಿದಾಗ ನನ್ನ ಟೇಬಲ್ಲಿನ ಮೇಲೆ ಕೆಂಪು ಗಂಟಿನ ಡಬ್ಬಿ ತಣ್ಣಗೆ ಕೂತಿತ್ತು. ಹುಸೇನಪ್ಪ ಎಷ್ಟೋ ಹೊತ್ತಿನ ಹಿಂದೆಯೇ ತಂದಿಟ್ಟು ಹೋಗಿದ್ದನಂತೆ. ಅದರ ಪಕ್ಕದಲ್ಲಿ ಮೇಡಂ ನಿಂತಿದ್ದರು. 'ನಿಮ್ಮ ಮನೆಯಿಂದ ಡಬ್ಬಿ ಟೈಮಿಗೆ ಸರಿಯಾಗಿ ಬರತ್ತೆ. ನೀವ್ಯಾಕ್ರೀ ಬರಲ್ಲ?' ಎಂದರು. ಅದಕ್ಕೆ ಉತ್ತರವಾಗಿ ಹೇಳಲು ನನ್ನ ಬಳಿ ಇದ್ದದ್ದು ಒಂದು ಇತಿಹಾಸ, ಅದನ್ನು ಒಮ್ಮೆ ಹೇಳಿ ಆಗಿರುವ ಭಾಗ್ಯ ಸಾಕಾಗಿತ್ತು. ಹೋಗಿ ಯಂತ್ರಕ್ಕೆ ಬೆರಳು ಒತ್ತಿದೆ. ವರ್ಗಾವಣೆಯ ಕಾಗದ ಅವರ ಟೇಬಲ್ಲಿನ ಮೇಲೆ ತಯಾರಾಗಿದೆ, ಸಹಿಯೊಂದು ಬಾಕಿ ಎಂದು ಒಳಗಿನವರು ಹೇಳುತ್ತಾರೆ.

ಅವತ್ತು ರಾತ್ರಿ ಮಾನ ಬಿಟ್ಟು ಅವ್ವನ ಕಾಲು ಹಿಡಿದೆ. 'ಯವ್ವಾ, ನಾಳೆ ಡಬ್ಬಿ ಕೊಡುವಾಗ ಯಮನಪ್ಪಗ ಒಂದ್ ಮಾತು ಹೇಳಬೇ, ನಿನ್ನ ಮಾತು ತಗದ ಹಾಕಂಗಿಲ್ಲ' ಎಂದೆ. ಮರುದಿನ ಆಕೆ ಕೇಳಿದಳು. ಕೇಳಿ ಬಂದು ಹೇಳಿದಳು: 'ಕೇಳೀನಪಾ. ಡಬ್ಬಿ ಎಷ್ಟ್ ಬೇಕಾದ್ರೂ ಕಳಸ್ರಿ ಯವ್ವಾ, ಅದು ಮಾತಾಡಂಗಿಲ್ಲ ಅಂದ.'

ಈಗ ನಾನು ಟಂಟಂ ಬಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಬೇವಿನ ಗಿಡದ ಕೆಳಗೆ, ಅವ್ವನ ಪಕ್ಕದಲ್ಲಿ, ಬಾಯಿ ಬಿಗಿಯಾಗಿ ಮುಚ್ಚಿಕೊಂಡು ನಿಲ್ಲುತ್ತೇನೆ. ಮಾತಾಡದವರನ್ನು ಗಾಡಿ ಹತ್ತಿಸಿಕೊಳ್ಳುತ್ತದೆ ಎಂದಲ್ಲವೇ ಅವನು ಹೇಳಿದ್ದು? ಗಾಡಿ ಬರುತ್ತದೆ, ನಿಧಾನವಾಗುತ್ತದೆ. ಹುಸೇನಪ್ಪ ಬಾಗುತ್ತಾನೆ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಾನೆ, ಡಬ್ಬಿ ಇಸಿದುಕೊಳ್ಳುತ್ತಾನೆ.